ಮುದಿ ಕಾಕರ್‌ಗೆ ಲೇಸರ್ ಮಾಡಿಸಬಹುದಾ?

ಮುದ್ದಿಯ ಅಮ್ಮ, ಮೈಸೂರು
ನಮ್ಮ ಮುದ್ದಿ ಕಾಕರ್ ಸ್ಪ್ಯಾನಿಯಲ್, 11 ವರ್ಷ. ಮೈಮೇಲೆ ಹೂಕೋಸಿನಂಥ ಗಂಟುಗಳು ಎದ್ದಿವೆ, ಒಟ್ಟು 9. ಬಾಚಣಿಗೆ ತಾಗಿದರೆ ಸಾಕು, ರಕ್ತ. ಸೊಂಟದ ಹತ್ತಿರದ್ದನ್ನು ತಾನೇ ಕಚ್ಚಿಕೊಂಡು ಹಾಸಿಗೆಯೆಲ್ಲ ಕಲೆ ಮಾಡಿದ್ದಾಳೆ. ಡಾಕ್ಟರು ಲೇಸರ್‌ನಲ್ಲಿ ಸುಟ್ಟುಬಿಡೋಣ ಎಂದರು. ಹೋದ ವರ್ಷ ಇನ್ನೊಂದು ಕಡೆ ಇದೇ ಗಂಟಿಗೆ 6 ಸಲ ಲೇಸರ್ ಲೈಟ್ ಹಿಡಿಸಿದ್ದೆ. ದುಡ್ಡು ಹೋಯಿತು, ಗಂಟು ಹೋಗಲಿಲ್ಲ. ಮತ್ತೆ ಅದೇ ಕಥೆ ಅಲ್ವಾ? ಈ ವಯಸ್ಸಿಗೆ ಅನಸ್ತೇಷಿಯಾ ಅಂದರೂ ಭಯ.

ನಿವೃತ್ತ ಪಶುವೈದ್ಯ
ಅಮ್ಮಾ, ಹೆಸರು ಒಂದೇ, ಕೆಲಸ ಬೇರೆ. ನೀವು ಹಿಡಿಸಿದ್ದು ನೋವು, ಊತಕ್ಕೆ ಕೊಡುವ ಲೇಸರ್. ಅದು ಏನನ್ನೂ ಕತ್ತರಿಸುವುದಿಲ್ಲ. ಈಗ ಹೇಳುತ್ತಿರುವುದು ಬಹುಶಃ ಕಾರ್ಬನ್ ಡೈಆಕ್ಸೈಡ್ ಲೇಸರ್. 1964ರಲ್ಲಿ ಅದನ್ನು ಕಂಡುಹಿಡಿದವರು ನಮ್ಮ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಅದರ ಬೆಳಕನ್ನು ನೀರು ಚೆನ್ನಾಗಿ ಹೀರುತ್ತದೆ. ಚರ್ಮದ ಜೀವಕೋಶದಲ್ಲಿ ಇರುವುದು ಬಹುಪಾಲು ನೀರೇ, ಅದು ಕುದಿದು ಆವಿಯಾಗುತ್ತದೆ, ಗಂಟು ಪದರ ಪದರವಾಗಿ ಕರಗುತ್ತದೆ. ಸಣ್ಣ ರಕ್ತನಾಳ ಅಲ್ಲೇ ಮುಚ್ಚಿಕೊಳ್ಳುವುದರಿಂದ ರಕ್ತ ಕಮ್ಮಿ.

ಮುದಿ ಕಾಕರ್‌ಗಳಲ್ಲಿ ಇಂಥವು ಹೆಚ್ಚಾಗಿ ಎಣ್ಣೆ ಗ್ರಂಥಿಯ ಗಂಟುಗಳೇ, ಕೆಟ್ಟವಲ್ಲ. ಆದರೆ ಮಾಸ್ಟ್ ಸೆಲ್ ಗಡ್ಡೆ ಅಂತ ನಾಯಿಗಳ ಚರ್ಮದ ಕ್ಯಾನ್ಸರ್ ಒಂದಿದೆ, ಅದು ಯಾವ ವೇಷದಲ್ಲೂ ಬರುತ್ತದೆ. ಕಣ್ಣಲ್ಲಿ ನೋಡಿ ಹೇಳಲು ನನಗೂ ಆಗದು. ಪೂರ್ತಿ ಸುಟ್ಟ ಮೇಲೆ ಲ್ಯಾಬ್‌ಗೆ ಕಳಿಸಲು ಏನು ಉಳಿಯುತ್ತದೆ? ಹೊಗೆ. ಮೊದಲು ಸೂಜಿ ಹಾಕಿ ಒಂದಿಷ್ಟು ಜೀವಕೋಶ ತೆಗೆದು ನೋಡಲಿ, ಅನುಮಾನ ಇದ್ದರೆ ಒಂದು ಚೂರು ಬಯಾಪ್ಸಿಗೆ ತೆಗೆಯಲಿ.

ಅನಸ್ತೇಷಿಯಾಗೆ ಮುಂಚೆ ಕಿಡ್ನಿ, ಲಿವರ್ ರಕ್ತಪರೀಕ್ಷೆ, ಹೃದಯ ತಪಾಸಣೆ ಕೇಳಿ. ಒಂದೆರಡೇ ಸಣ್ಣ ಗಂಟಾದರೆ ಜಾಗ ಮರಗಟ್ಟಿಸಿಯೂ ಮಾಡಬಹುದು, ನಾಯಿ ಅಲ್ಲಾಡದೆ ಇದ್ದರೆ. ನಿಮ್ಮವಳು ಇರುತ್ತಾಳಾ?

ಪಗ್ ಮನೆ, ಧಾರವಾಡ
ನಮ್ಮವನಿಗೆ ರೆಪ್ಪೆ ಮೇಲಿನದನ್ನು ಲೇಸರ್‌ನಲ್ಲೇ ತೆಗೆಸಿದೆವು. ರಕ್ತ ಬರಲಿಲ್ಲ, ನಿಜ. ಆದರೆ ಗಾಯ ಮುಟ್ಟದಿರಲಿ ಅಂತ ಕೊರಳಿಗೆ ಹಾಕಿದ ಕೋನ್ ಅನ್ನು ಪಾಪ ಅಂತ ಮೂರನೇ ದಿನಕ್ಕೇ ತೆಗೆದೆ. ರಾತ್ರಿಯೊಳಗೆ ಉಜ್ಜಿ ಉಜ್ಜಿ ಗಾಯ ದೊಡ್ಡದು ಮಾಡಿಕೊಂಡ. ಕೋನ್ ಮಾತ್ರ ತೆಗೀಬೇಡಿ.

ಮುದ್ದಿಯ ಅಮ್ಮ, ಮೈಸೂರು
ಅಲ್ಲಾಡದೆ ಇರುವುದಾ? ಉಗುರು ಕತ್ತರಿಸಲು ಮೂರು ಜನ ಬೇಕು, ಸರ್! ಡಾಕ್ಟರಿಗೆ ಫೋನ್ ಮಾಡಿದೆ. ಸೋಮವಾರ ಸೂಜಿ ಪರೀಕ್ಷೆ, ರಕ್ತ ಪರೀಕ್ಷೆ ಎರಡೂ ಮಾಡುತ್ತಾರಂತೆ. ಅಂದಹಾಗೆ ಗಂಟು 9 ಅಲ್ಲ, 11. ಸ್ನಾನ ಮಾಡಿಸುವಾಗ ಕಿವಿ ಕೆಳಗೆ ಇನ್ನೆರಡು ಸಿಕ್ಕವು.