ಮುರಿದ ಕೊಂಬಿನ ಎತ್ತು ಮತ್ತು ನಮ್ಮ ಮನೆ ಗುಂಪಿನ ಜಗಳ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತುಕತೆ ಇದು. ಮನೆಯವರನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬಿಟ್ಟು ನಂಟಸ್ತನ ಮಾತ್ರ ಇಟ್ಟಿದ್ದೇನೆ. ದಾವಣಗೆರೆ, ಹರಿಹರದ ಕಡೆ ಸ್ವಂತ ಹೆಸರಿನಲ್ಲಿ ಸಾಮಾನು ಮಾಡಿ ಮಾರುವವರು ತುಂಬ ಜನ ಇದ್ದಾರೆ. ಟ್ರೇಡ್‌ಮಾರ್ಕ್ ಮಾಡಿಸಿದ್ದರೂ ಕಸ್ಟಮ್ಸ್‌ನಲ್ಲಿ ಅದನ್ನು ಬೇರೆಯಾಗಿ ದಾಖಲಿಸಿ ಹೊರದೇಶದ ನಕಲಿ ಮಾಲನ್ನು ಬಂದರಿನಲ್ಲೇ ತಡೆಯಬಹುದು ಅಂತ ಅವರಲ್ಲಿ ಎಷ್ಟೋ ಜನಕ್ಕೆ ಯಾರೂ ಹೇಳಿರುವುದಿಲ್ಲ. ಅವರಿಗೆ ಇದು ಮುಟ್ಟಲಿ.

ಅಣ್ಣ ಕರೂರು ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಹೊಡೆಯುವ ಸ್ಪ್ರೇಯರ್‌ಗೆ ಹಿತ್ತಾಳೆ ಗನ್ ಮಾಡುತ್ತಾನೆ. ಡಬ್ಬಿಯ ಮೇಲಿನ ಜೋಡೆತ್ತಿನ ಚಿತ್ರ ದೊಡ್ಡಪ್ಪ ಬರೆದದ್ದು. ದೊಡ್ಡಪ್ಪ ಈಗ ಇಲ್ಲ. ದುರ್ಗದ ಅಕ್ಕ ಅವರ ಮಗಳು. ನಾನು ಮೊದಲು ಚೆನ್ನೈನಲ್ಲಿ, ಬಂದರಿನಲ್ಲಿ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿದ್ದೆ. ಈಗ ಪಿ.ಜೆ. ಬಡಾವಣೆಯಲ್ಲಿ ಲೆಕ್ಕಪತ್ರದ ಕೆಲಸ.

ಹಿರಿಯೂರು ಭಾವ: (ಎರಡು ಫೋಟೋ) ಇಲ್ಲಿ ಅಂಗಡಿಯಲ್ಲಿ ಕಂಡೆ. ನಿಮ್ಮದೇ ಡಬ್ಬಿ ಅಂತ ಕೈಗೆ ತೆಗೆದುಕೊಂಡರೆ ಹಗುರ. ಹಿಂದೆ ತಿರುಗಿಸಿದರೆ ಮೇಡ್ ಇನ್ ಚೀನಾ. ರೇಟು ನಿಮ್ಮದರ ಅರ್ಧ.

ಅಣ್ಣ: ಭಾವ, ಇದು ನಮ್ಮದಲ್ಲ. ನಮ್ಮ ಡಬ್ಬಿಯ ಮುಚ್ಚಳ ಹಸಿರು. ಅದೊಂದು ಬಿಟ್ಟರೆ ಹೆಸರು, ಅಕ್ಷರ, ಎತ್ತು, ಎಲ್ಲಾ ನಮ್ಮದೇ.

ದುರ್ಗದ ಅಕ್ಕ: ಎಡಗಡೆ ಎತ್ತಿನ ಕೊಂಬು ನೋಡಿ. ತುದಿ ಮುರಿದಿದೆ. ನಮ್ಮ ಮನೆ ಎತ್ತಿಗೆ ಹಾಗೇ ಇತ್ತು. ಅಪ್ಪ ಅದನ್ನೇ ನೋಡಿ ಬರೆದರು. ಇವರು ಅದನ್ನೂ ಬಿಟ್ಟಿಲ್ಲ.

ಜೋಡೆತ್ತಿನ ಚಿತ್ರ ಯಾರು ಬೇಕಾದರೂ ಬರೆಯಬಹುದು. ಆದರೆ ತಮ್ಮ ಪಾಡಿಗೆ ಬರೆದವರ ಕೈಯಲ್ಲಿ ಅದೇ ಎತ್ತಿನ ಅದೇ ಕೊಂಬು ಅಷ್ಟೇ ಮುರಿದಿರುತ್ತದಾ? ನಕಲು ಅಂತ ತೋರಿಸಲು ಇದಕ್ಕಿಂತ ಒಳ್ಳೆ ಗುರುತು ಬೇಕಾಗಿಲ್ಲ.

ಅಣ್ಣ: ನನ್ನ ಹತ್ತಿರ ಟ್ರೇಡ್‌ಮಾರ್ಕ್ ಸರ್ಟಿಫಿಕೇಟ್ ಇದೆಯಲ್ಲ. ಆದರೂ ಬಂದರಿನಲ್ಲಿ ಹೇಗೆ ಬಿಟ್ಟರು?

ನಾನು: ಅಣ್ಣಾ, ಅದು ನಿನ್ನ ಆಫೀಸಿನ ಗೋಡೆ ಮೇಲಿದೆ. ಬಂದರಿನ ಅಧಿಕಾರಿಗೆ ಅದು ಗೊತ್ತಾಗುವುದು ಹೇಗೆ? ಈಗ ಬಹುಪಾಲು ಕಂಟೇನರ್ ತೆರೆಯುವುದೇ ಇಲ್ಲ. ಯಾವುದನ್ನು ತೆರೆಯಬೇಕು ಅಂತ ಕಂಪ್ಯೂಟರ್ ಹೇಳುತ್ತದೆ. ನಿನ್ನ ಮಾರ್ಕ್ ಆ ಕಂಪ್ಯೂಟರಿನಲ್ಲಿ ಇರಬೇಕು. ಅದಕ್ಕೆಂದೇ 2007ರಲ್ಲಿ ನಿಯಮ ಬಂದಿದೆ. ಕಸ್ಟಮ್ಸ್‌ನವರ ಐಸ್‌ಗೇಟ್ ಪೋರ್ಟಲ್‌ನಲ್ಲಿ ಅರ್ಜಿ, ಶುಲ್ಕ 2000 ರೂಪಾಯಿ. 30 ಕೆಲಸದ ದಿನದೊಳಗೆ ಅವರು ಆಯಿತು ಅಥವಾ ಇಲ್ಲ ಅಂತ ಹೇಳಬೇಕು. ಬಂದರು ಬಂದರಿಗೆ ಅಲೆಯಬೇಕಾಗಿಲ್ಲ. ಒಂದು ಅರ್ಜಿಯಲ್ಲೇ ಎಲ್ಲಾ ಬಂದರುಗಳಿಗೂ ಸೇರಿಸಬಹುದು.

ಹರಿಹರ ಮಾವ: ಪೋರ್ಟಲ್ ಆಮೇಲೆ. ಮೊದಲು ಇದನ್ನು ಹೇಳು. ಈ ಡಬ್ಬಿ ಹಡಗಿನಲ್ಲೇ ಬಂತು ಅಂತ ಹೇಗೆ ಗೊತ್ತು? ನಾನು ಹಾರ್ಡ್‌ವೇರ್ ವ್ಯಾಪಾರದಲ್ಲಿ ನೋಡಿದ್ದೇನೆ. ಮಾಲು ಹೆಸರಿಲ್ಲದೆ ಬರುತ್ತದೆ. ಡಬ್ಬಿ ಇಲ್ಲೇ ಎಲ್ಲೋ ಪ್ರಿಂಟ್ ಆಗುತ್ತದೆ. ಗೋಡೌನ್‌ನಲ್ಲಿ ತುಂಬುತ್ತಾರೆ. ಆಗ ಕಸ್ಟಮ್ಸ್‌ನವರು ಏನು ಹಿಡಿಯಬೇಕು?

ನಾನು: ಒಪ್ಪುವ ಮಾತು ಮಾವ. ಹೆಸರಿಲ್ಲದ ಮಾಲು ಬಂದರೆ ಅಲ್ಲಿ ಹಿಡಿಯುವುದಕ್ಕೆ ಏನೂ ಇರಲ್ಲ. ಭಾವ, ಗನ್ ಮೈಮೇಲೆ ಏನಾದರೂ ಇದೆಯಾ ನೋಡುತ್ತೀರಾ?

ಹಿರಿಯೂರು ಭಾವ: (ಫೋಟೋ) ಹಿಡಿಯ ಕೆಳಗೆ ಜೋಡೆತ್ತು ಇದೆ. ಎರಕದಲ್ಲೇ ಮೂಡಿದೆ. ಉಗುರು ಆಡಿಸಿದರೆ ಸಿಗುತ್ತದೆ.

ಅಣ್ಣ: ಹಾಗಾದರೆ ಅಚ್ಚು ಮಾಡಿಸಿಯೇ ಎರಕ ಹೊಯ್ದಿದ್ದಾರೆ.

ನಾನು: ಅಂದರೆ ಮಾರ್ಕ್ ಮಾಲಿನ ಜೊತೆಗೇ ಗಡಿ ದಾಟಿದೆ. ಇದನ್ನು ಬಂದರಿನಲ್ಲೇ ಹಿಡಿಯಬಹುದು. ಇನ್ನೊಂದು ನೋಡಿ. ಹೊರದೇಶದ ಡಬ್ಬಿಯ ಮೇಲೆ ತರಿಸಿದವರ ಹೆಸರು, ವಿಳಾಸ ಇರಲೇಬೇಕು. ಇದೆಯಾ?

ಹಿರಿಯೂರು ಭಾವ: ಸ್ಟಿಕ್ಕರ್ ಇದ್ದ ಗುರುತಿದೆ. ಕಿತ್ತಿದ್ದಾರೆ.

ಮಾವ ಅಷ್ಟಕ್ಕೇ ಸುಮ್ಮನಾಗುವವರಲ್ಲ. ಅವರೂ ಹೊರದೇಶದಿಂದ ಬೇರಿಂಗ್ ತರಿಸಿ ಮಾರುತ್ತಾರೆ. ಬಂದರಿನಲ್ಲಿ ಮಾಲು ನಿಂತರೆ ಆಗುವ ನಷ್ಟ ಅವರಿಗೆ ಚೆನ್ನಾಗಿ ಗೊತ್ತು.

ಹರಿಹರ ಮಾವ: ಎರಡು ಸಾವಿರ ಅಂದೆ. ಬಾಂಡ್ ವಿಷಯ ಯಾಕೆ ಹೇಳಲಿಲ್ಲ? ಮಾಲು ತಡೆದ ಮೇಲೆ ದುಡ್ಡು ಕಟ್ಟುವವನು ನಿಮ್ಮ ಅಣ್ಣನೇ ಅಲ್ವಾ?

ನಾನು: ಹೇಳುತ್ತೇನೆ ಮಾವ. ನಮ್ಮ ಮಾತಿನ ಮೇಲೆ ತಪ್ಪಾಗಿ ತಡೆದಿದ್ದರೆ ನಷ್ಟ ತುಂಬಿಕೊಡುತ್ತೇವೆ ಅಂತ ಬರೆದುಕೊಡುವುದೇ ಬಾಂಡ್. ತಡೆದ ಮಾಲಿನ ಬೆಲೆಯ 110% ಮೊತ್ತಕ್ಕೆ ಬಾಂಡ್, ಆ ಬಾಂಡಿನ 25% ಭದ್ರತೆ. ಕಂಟೇನರಿನಲ್ಲಿ 4 ಲಕ್ಷದ ಮಾಲಿದ್ದರೆ ಬಾಂಡ್ 4.4 ಲಕ್ಷ, ಭದ್ರತೆ 1.1 ಲಕ್ಷ. ತಡೆದ ಮೂರು ದಿನದಲ್ಲಿ ಇದು ಆಗಬೇಕು. 10 ಕೆಲಸದ ದಿನದೊಳಗೆ ಅಣ್ಣ ವಿಚಾರಣೆಗೆ ಸೇರಿಕೊಳ್ಳಬೇಕು. ಕೇಳಿದರೆ ಇನ್ನೂ 10 ಕೆಲಸದ ದಿನ ಸಿಗಬಹುದು. ಸೇರಿಕೊಳ್ಳದಿದ್ದರೆ, ಬೇರೆ ತಕರಾರು ಇಲ್ಲದಿದ್ದರೆ, ಮಾಲು ಬಿಟ್ಟುಬಿಡುತ್ತಾರೆ. ನಕಲಿ ಅಂತ ತೀರ್ಮಾನ ಆದರೆ ನಾಶ ಮಾಡುವ ಖರ್ಚು, ಅಲ್ಲಿಯವರೆಗಿನ ಡೆಮರೇಜು (ಮಾಲು ಬಂದರಿನಲ್ಲಿ ನಿಂತಿದ್ದಕ್ಕೆ ಬಾಡಿಗೆ) ಕೂಡ ಅಣ್ಣನ ಮೇಲೇ.

ಚಿಕ್ಕಮ್ಮ: ಕಳ್ಳತನ ಮಾಡಿದವರು ಅವರು, ಖರ್ಚು ಮಾತ್ರ ಇವನದ್ದಾ?

ಚಿಕ್ಕಮ್ಮನ ಈ ಪ್ರಶ್ನೆಗೆ ಗುಂಪಿನಲ್ಲಿ ಯಾರೂ ಉತ್ತರ ಕೊಡಲಿಲ್ಲ. ನನಗೂ ಈ ಭಾಗ ಸಣ್ಣ ತಯಾರಕರಿಗೆ ಭಾರ ಅನ್ನಿಸುತ್ತದೆ. ದೊಡ್ಡ ಕಂಪನಿಗೆ ಒಂದು ಲಕ್ಷದ ಭದ್ರತೆ ಲೆಕ್ಕಕ್ಕೇ ಬರಲ್ಲ. ಎರಡು ಲೇತ್ ಇಟ್ಟುಕೊಂಡವರಿಗೆ ಅದು ಸಂಬಳದ ದುಡ್ಡು. ಹಾಗಂತ ಬಾಂಡೇ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಮಾವ ಸರಿಯಾಗಿ ಹೇಳಿದರು.

ಹರಿಹರ ಮಾವ: ಡ್ಯುಯಲ್ ಸಿಮ್ ಕಥೆ ನೆನಪಿದೆಯಾ? ಮದುರೈನ ಒಬ್ಬರು ಎರಡು ಸಿಮ್ ಫೋನಿಗೆ ಪೇಟೆಂಟ್ ತೆಗೆದುಕೊಂಡು ಕಸ್ಟಮ್ಸ್‌ನಲ್ಲಿ ದಾಖಲಿಸಿದರು. 2009ರಲ್ಲಿ ಎಷ್ಟೋ ಕಂಪನಿಗಳ ಫೋನು ವಿಮಾನ ನಿಲ್ದಾಣದಲ್ಲಿ ನಿಂತವು. 2012ರಲ್ಲಿ ಆ ಪೇಟೆಂಟೇ ರದ್ದಾಯಿತು. ಅಷ್ಟರಲ್ಲಿ ಆದ ನಷ್ಟಕ್ಕೆ ಯಾರು ಹೊಣೆ? ನಾಳೆ ನನ್ನ ಬೇರಿಂಗ್ ಮೇಲೂ ಯಾರಾದರೂ ಹೀಗೇ ಅರ್ಜಿ ಹಾಕಿದರೆ?

ನಾನು: ಅದಕ್ಕೇ ಮಾವ, 2018ರಲ್ಲಿ ಪೇಟೆಂಟನ್ನು ಈ ನಿಯಮದಿಂದಲೇ ತೆಗೆದರು. ಫೋನಿನ ಒಳಗಿನ ತಂತ್ರ ಯಾರದ್ದು ಅಂತ ಬಂದರಿನಲ್ಲಿ ನಿಂತು ಹೇಳಲು ಆಗಲ್ಲ. ಡಬ್ಬಿಯ ಮೇಲಿನ ಎತ್ತು ಯಾರದ್ದು ಅಂತ ಕಣ್ಣಿನಲ್ಲಿ ನೋಡಿ ಹೇಳಬಹುದು. ಈಗ ಉಳಿದಿರುವುದು ಟ್ರೇಡ್‌ಮಾರ್ಕ್, ಕಾಪಿರೈಟ್, ಡಿಸೈನ್, ಜಿಐ (ಒಂದು ಊರಿನ ಹೆಸರಿನಿಂದಲೇ ಹೆಸರಾದ ಮಾಲಿಗೆ ಸಿಗುವ ಗುರುತು). ನಿಮ್ಮ ಬೇರಿಂಗ್ ಅಸಲಿ ಆಗಿದ್ದರೆ ಭಯ ಬೇಡ. ಕಂಪನಿಯೇ ಮಾಡಿ ಹೊರಗೆ ಮಾರಿದ ಅಸಲಿ ಮಾಲನ್ನು ಬೇರೆಯವರು ತರಿಸಬಹುದು ಅಂತ 2012ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ.

ಹರಿಹರ ಮಾವ: ಕೋರ್ಟು ಹೇಳುವುದು ಬೇರೆ. ಅಸಲಿ ಅಂತ ತೋರಿಸುವಷ್ಟರಲ್ಲಿ ಹತ್ತು ದಿನದ ಬಾಡಿಗೆ ಹೋಗುತ್ತದೆ. ಬಾಂಡ್ ಇರುವುದೇ ಅದಕ್ಕೆ. ಅದು ಇರಲಿ ಅಂತಲೇ ನಾನು ಹೇಳುವುದು.

ಚಿಕ್ಕಮ್ಮ: ನಮ್ಮ ಹುಡುಗ ದುಬೈನಿಂದ ಶೂ ತರುತ್ತಿದ್ದಾನೆ. ಅಸಲಿಯೋ ನಕಲಿಯೋ ಗೊತ್ತಿಲ್ಲ. ಅದನ್ನೂ ಹಿಡಿಯುತ್ತಾರಾ?

ನಾನು: ಈ ನಿಯಮದಲ್ಲಿ ಇಲ್ಲ ಚಿಕ್ಕಮ್ಮ. ಸ್ವಂತಕ್ಕೆ ತಂದ ಬ್ಯಾಗೇಜಿಗೆ ಇದು ಅನ್ವಯಿಸಲ್ಲ. ಮಾರುವುದಕ್ಕೆ ತಂದರೆ ಬೇರೆ ಮಾತು.

ಮೊಳಕಾಲ್ಮೂರು ಅತ್ತೆ: ಜಿಐ ಅಂದೆಯಲ್ಲ, ನಮ್ಮ ಸೀರೆಗೂ ಅದು ಇದೆ. ಆದರೂ ಕೈಮಗ್ಗ ಮುಟ್ಟದ ಸೀರೆಯನ್ನು ನಮ್ಮ ಊರಿನ ಹೆಸರು ಹೇಳಿ ಮಾರುತ್ತಾರೆ.

ನಾನು: ಅದು ಬೇರೆ ದೇಶದಿಂದ ಬಂದರೆ ಕಸ್ಟಮ್ಸ್‌ನಲ್ಲಿ ಹಿಡಿಯಬಹುದು ಅತ್ತೆ. ಇಲ್ಲೇ ಪವರ್‌ಲೂಮ್‌ನಲ್ಲಿ ನೇಯ್ದದ್ದಾದರೆ ಕಸ್ಟಮ್ಸ್‌ಗೂ ಅದಕ್ಕೂ ಸಂಬಂಧವಿಲ್ಲ. ಪೊಲೀಸು, ಕೋರ್ಟು, ಅದೇ ದಾರಿ.

ಮೊಳಕಾಲ್ಮೂರು ಅತ್ತೆ: ಹಾಗಾದರೆ ನಮ್ಮ ಜಗಳ ಇಲ್ಲೇ ಇದೆ ಬಿಡು.

ಇಷ್ಟರಲ್ಲಿ ನಾನು ಒಂದು ಮಾತು ಹಾಕಿದೆ. ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ದಾಖಲಿಸುವಾಗ ಎತ್ತಿನ ಚಿತ್ರವನ್ನೂ ಕಾಪಿರೈಟ್ ಆಗಿ ಸೇರಿಸೋಣ ಅಂತ. ಮುಂದೆ ಅವರು ಹೆಸರಿನ ಒಂದು ಅಕ್ಷರ ಬದಲಿಸಿ ಚಿತ್ರ ಮಾತ್ರ ಉಳಿಸಿಕೊಂಡು ಬಂದರೂ ಹಿಡಿಯಬಹುದು. ನಿಜವಾದ ಜಗಳ ಶುರುವಾದದ್ದು ಅಲ್ಲಿಂದ.

ದುರ್ಗದ ಅಕ್ಕ: ಆ ಚಿತ್ರ ಯಾರದ್ದು ಅಂತ ಬರೆಯುತ್ತೀರಿ?

ಅಣ್ಣ: ನಮ್ಮ ಫ್ಯಾಕ್ಟರಿದ್ದು ಅಕ್ಕ. ಶುರುವಿನಿಂದ ನಮ್ಮ ಡಬ್ಬಿ ಮೇಲೇ ಇದೆಯಲ್ಲ.

ದುರ್ಗದ ಅಕ್ಕ: ಅಪ್ಪ ನಿನ್ನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರಾ? ದುಡ್ಡು ಕೊಟ್ಟಿದ್ದೆಯಾ?

ಅಣ್ಣ: ಕೊಡಲು ಹೋದೆ. ದೊಡ್ಡಪ್ಪ ತೆಗೆದುಕೊಳ್ಳಲಿಲ್ಲ. ಮನೆ ಕೆಲಸಕ್ಕೆ ಯಾರಾದರೂ ದುಡ್ಡು ತಗೊಳ್ತಾರಾ ಅಂದರು. ಎಲ್ಲರ ಎದುರಿಗೇ.

ದುರ್ಗದ ಅಕ್ಕ: ಹೌದು. ಕೆಳಗೆ ಮೂಲೆಯಲ್ಲಿ ಸಣ್ಣದಾಗಿ ಸಹಿ ಹಾಕಿದ್ದರು. ಅಷ್ಟೇ ಅವರು ಇಟ್ಟುಕೊಂಡದ್ದು. ಹೊಸ ಡಬ್ಬಿ ಮಾಡಿಸಿದಾಗ ಅದು ಎಲ್ಲಿಗೆ ಹೋಯಿತು? ಚೀನಾದವರು ಕದ್ದರು ಅಂತ ಬೆಳಿಗ್ಗೆಯಿಂದ ಬರೆಯುತ್ತಿದ್ದೀರಿ. ಅಪ್ಪನ ಸಹಿ ತೆಗೆದವರು ಯಾರು?

ಅಣ್ಣ: ಬಾರ್‌ಕೋಡ್‌ಗೆ ಜಾಗ ಬೇಕು ಅಂತ ಪ್ರಿಂಟರ್‌ನವರು ತೆಗೆದರು ಅಕ್ಕ. ನಾನು ಗಮನಿಸಲಿಲ್ಲ.

ಹರಿಹರ ಮಾವ: ಸತ್ತವರ ಹೆಸರಿನಲ್ಲಿ ಅಕ್ಕತಮ್ಮ ಗುಂಪಿನಲ್ಲಿ ಜಗಳ ಆಡಬೇಡಿ. ಕೂತು ಮಾತಾಡಿ.

ದುರ್ಗದ ಅಕ್ಕ: ಮಾವ, ಜಗಳ ಅಲ್ಲ ಇದು. ಕೇಳಲೇಬೇಕಾದದ್ದು. ಇವತ್ತಾದರೂ ಕೇಳುತ್ತೇನೆ.

ಅಕ್ಕ ಕೇಳಿದ್ದು ಸರಿ ಅಂತ ನಾನು ಗುಂಪಿನಲ್ಲೇ ಬರೆದೆ, ಇಲ್ಲೂ ಬರೆಯುತ್ತೇನೆ. ಕಾನೂನು ಅಕ್ಕನ ಕಡೆಗೇ ಇದೆ. ಚಿತ್ರ ಬರೆದವರೇ ಅದರ ಮೊದಲ ಒಡೆಯರು. ಸಂಬಳಕ್ಕಿದ್ದು ಬರೆದಿದ್ದರೆ, ಇಲ್ಲವೇ ಯಾರಾದರೂ ದುಡ್ಡು ಕೊಟ್ಟು ಬರೆಸಿದ್ದರೆ ಬೇರೆ ಆಗಬಹುದಿತ್ತು. ದೊಡ್ಡಪ್ಪ ಪ್ರೀತಿಯಿಂದ ಸುಮ್ನೆ ಬರೆದುಕೊಟ್ಟರು. ಹಕ್ಕನ್ನು ಯಾರಿಗೂ ಬರೆದುಕೊಡಲಿಲ್ಲ. ಬಾಯಿಮಾತಿನಲ್ಲಿ ಕಾಪಿರೈಟ್ ಕೈ ಬದಲಾಗುವುದಿಲ್ಲ, ಸಹಿ ಹಾಕಿದ ಪತ್ರ ಬೇಕು. ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಹಾಗಾಗಿ ಇವತ್ತಿಗೆ ಆ ಎತ್ತುಗಳು ಅಕ್ಕ ಮತ್ತು ಅವಳ ತಮ್ಮನದು. ಫ್ಯಾಕ್ಟರಿಯದ್ದು ಅಂತ ಅಣ್ಣ ಅರ್ಜಿಯಲ್ಲಿ ಬರೆದರೆ ಎದುರು ಪಾರ್ಟಿಯ ವಕೀಲರು ಮೊದಲು ಹಿಡಿಯುವುದೇ ಅದನ್ನು.

ಇದರ ಜೊತೆಗೆ ಬರೆದವರ ಹೆಸರಿಗೆ ಬೇರೆಯೇ ಒಂದು ಹಕ್ಕಿದೆ. ಕಾಪಿರೈಟ್ ಬರೆದುಕೊಟ್ಟ ಮೇಲೂ ಅದು ಹೋಗುವುದಿಲ್ಲ. ಸಹಿ ವಿಷಯ ಅಕ್ಕ ಎತ್ತಿದ್ದಕ್ಕೆ ಅವಳು ಸಣ್ಣವಳಾದಳು ಅಂತ ಯಾರೂ ತಿಳಿಯಬಾರದು.

ಅಣ್ಣ: ಅಕ್ಕ, ನೀನು ಹೇಳು. ಏನು ಮಾಡಬೇಕು?

ದುರ್ಗದ ಅಕ್ಕ: ಸಹಿ ವಾಪಸ್ ಬರಬೇಕು. ಡಬ್ಬಿ ಮೇಲೂ, ಕಸ್ಟಮ್ಸ್‌ಗೆ ಕೊಡುವ ಚಿತ್ರದ ಮೇಲೂ. ಆಮೇಲೆ ನಾನು, ತಮ್ಮ ಇಬ್ಬರೂ ಪತ್ರಕ್ಕೆ ಸಹಿ ಹಾಕುತ್ತೇವೆ. ದುಡ್ಡಿನ ಮಾತು ನಾನು ಆಡುವುದಿಲ್ಲ.

ನಾನು: ಅಕ್ಕ, ದುಡ್ಡಿನ ಮಾತೂ ಪತ್ರದಲ್ಲಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ ಅಂತ ಲೆಕ್ಕ. ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಎಲ್ಲಾ ಬಿಡಿಸಿ ಬರೆಯೋಣ.

ಅಣ್ಣ: ಡಬ್ಬಿಗೆ ಇಷ್ಟು ಅಂತ ಅಕ್ಕನಿಗೆ, ತಮ್ಮನಿಗೆ ಬರಲಿ. ಬೇಡ ಅನ್ನಬೇಡ ಅಕ್ಕ. ದೊಡ್ಡಪ್ಪನಿಗೆ ಕೊಡಲು ಆಗಲಿಲ್ಲ.

ಅಕ್ಕ ಇದಕ್ಕೆ ಉತ್ತರ ಬರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದೊಡ್ಡಪ್ಪನ ಮೂಲ ಚಿತ್ರದ ಫೋಟೋ ಹಾಕಿದಳು. ಡ್ರಾಯಿಂಗ್ ಹಾಳೆ ಅಂಚಿನಲ್ಲಿ ಹಳದಿಯಾಗಿದೆ. ಕೊಂಬಿನ ಹತ್ತಿರ ಪೆನ್ಸಿಲ್ ಗೆರೆ ಇನ್ನೂ ಕಾಣುತ್ತದೆ. ಮೊದಲು ಪೂರ್ತಿ ಕೊಂಬು ಬರೆದು, ಆಮೇಲೆ ತುದಿ ಅಳಿಸಿದ್ದಾರೆ. ಕಸ್ಟಮ್ಸ್ ಅರ್ಜಿಗೆ ಅಸಲಿ ಮತ್ತು ನಕಲಿಯ ವ್ಯತ್ಯಾಸ ತೋರಿಸುವ ಫೋಟೋ ಎಷ್ಟು ಚೆನ್ನಾಗಿದ್ದರೆ ಅಷ್ಟು ಒಳ್ಳೆಯದು. ಅಧಿಕಾರಿ ಪೆಟ್ಟಿಗೆ ತೆರೆದು ನಿಂತಾಗ ಅವರ ಕೈಯಲ್ಲಿ ಇರುವುದು ಅದೊಂದೇ.

ಹರಿಹರ ಮಾವ: ಬಾಂಡ್ ಇರಬೇಕು ಅನ್ನುವ ಮಾತಿನಿಂದ ನಾನು ಹಿಂದೆ ಸರಿಯಲ್ಲ. ಅರ್ಜಿ ಹಾಕು, ಬೇಡ ಅನ್ನಲ್ಲ. ಆದರೆ ಭದ್ರತೆಯಷ್ಟು ದುಡ್ಡು ಎಫ್‌ಡಿ ಮಾಡಿ ಬೇರೆ ಇಟ್ಟಿರು. ಮಾಲು ತಡೆದೆವು ಅಂತ ಫೋನು ಬಂದ ದಿನ ಬ್ಯಾಂಕಿಗೆ ಓಡಿದರೆ ಆಗಲ್ಲ. ಸರ್ಟಿಫಿಕೇಟಿನ ತಾರೀಖೂ ನೋಡು. 10 ವರ್ಷ ಆಗಿದ್ದರೆ ನವೀಕರಿಸಬೇಕು.

ಅಣ್ಣ: ನೋಡಿದೆ ಮಾವ. ಇನ್ನೂ ಅವಧಿ ಇದೆ. ಭಾವ, ಆ ಅಂಗಡಿಯಲ್ಲಿ ಇನ್ನೂ ಎಷ್ಟು ಡಬ್ಬಿ ಇವೆ?

ಹಿರಿಯೂರು ಭಾವ: ರ‍್ಯಾಕ್ ತುಂಬ ಇವೆ. ನಾಳೆ ಹೋಗಿ ಒಂದು ತರುತ್ತೇನೆ.

ನಾನು: ಬಿಲ್ ಕೇಳಿ ಭಾವ. ಬಿಲ್ ಇಲ್ಲದೆ ತಂದರೆ ಉಪಯೋಗವಿಲ್ಲ. ಅಂಗಡಿಯಿಂದ ಸಗಟು ವ್ಯಾಪಾರಿ, ಅವರಿಂದ ತರಿಸಿದವರು ಸಿಗಬೇಕು. ತರಿಸಿದವರು ಯಾರು ಅಂತ ಗೊತ್ತಾದರೆ ಅದನ್ನೂ ಕಸ್ಟಮ್ಸ್‌ಗೆ ತಿಳಿಸಬಹುದು.

ಹರಿಹರ ಮಾವ: ಒಂದಲ್ಲ, ಎರಡು ತನ್ನಿ. ಒಂದನ್ನು ಬಿಚ್ಚಲೇಬೇಡಿ.