‘ಸರ್ಕಾರದ ಖಾತರಿ’ ಇರುವ ಸಾಲ: ಇಲ್ಲಿ ‘ಜಾಮೀನು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಯುದ್ಧದ ನಡುವೆ ಉಕ್ರೇನ್ ತನ್ನ ರೈತರಿಗೆ ಬ್ಯಾಂಕ್ ಸಾಲ ಸಿಗುವಂತೆ ಹೇಗೆ ಮಾಡಿತು ಎಂಬುದರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದ ಬಹಳ ಕಾಡುತ್ತಿದೆ. ಬಲ್ಲವರು ಹೇಳಬೇಕು.

ಮೊದಲು ವಿಷಯ. 2022ರ ಫೆಬ್ರವರಿ 24ರಂದು ರಷ್ಯಾ ದಾಳಿಗಿಳಿದಾಗ ವಸಂತದ ಬಿತ್ತನೆಗೆ ಕೆಲವೇ ವಾರ ಬಾಕಿ ಇತ್ತು. ಬೀಜ, ಗೊಬ್ಬರ, ಡೀಸೆಲ್‌ಗೆ ದುಡ್ಡು ಬೇಕು. ಬಂದರುಗಳು ಮುಚ್ಚಿದ್ದರಿಂದ ಹಳೆಯ ಫಸಲು ಗೋದಾಮಿನಲ್ಲೇ ಕೂತಿತ್ತು. ಹೊಲದಲ್ಲಿ ನೆಲಬಾಂಬ್ ಇದ್ದೀತು, ಟ್ರ್ಯಾಕ್ಟರ್ ನಾಳೆ ಉಳಿಯುತ್ತದೋ ಇಲ್ಲವೋ. ಇಂಥದ್ದನ್ನು ಅಡವಿಟ್ಟುಕೊಂಡು ಯಾವ ಬ್ಯಾಂಕ್ ತಾನೇ ಸಾಲ ಕೊಟ್ಟೀತು? ಮಾರ್ಚ್‌ನಲ್ಲೇ ಸರ್ಕಾರ ಮುಂದೆ ಬಂತು. ಉಕ್ರೇನಿನ ನಾಣ್ಯವಾದ ಹ್ರಿವ್ನಿಯಾದಲ್ಲಿ 6 ಕೋಟಿಯವರೆಗೆ ಸಾಲ. ಹಣ ಬ್ಯಾಂಕಿನದು, ಆಗ ಬಡ್ಡಿ ಕಟ್ಟಿದ್ದು ಸರ್ಕಾರ. ಸಾಲ ಮುಳುಗಿದರೆ ಶೇ 80ರವರೆಗೆ ಸರ್ಕಾರವೇ ಬ್ಯಾಂಕಿಗೆ ತುಂಬಿಕೊಡುತ್ತದೆ.

ಈ ಕೊನೆಯದನ್ನು ಏನೆಂದು ಕರೆಯೋಣ? ಪತ್ರಿಕೆಗಳಲ್ಲಿ ‘ಸರ್ಕಾರದ ಖಾತರಿ’ ಅಂತ ಬರೆಯುವುದೇ ಜಾಸ್ತಿ. ‘ಉದ್ಯೋಗ ಖಾತರಿ’ ಕೇಳಿದ ಕಿವಿಗೆ ಖಾತರಿ ಅಂದರೆ ಜನರಿಗೆ ಕೊಟ್ಟ ಮಾತು. ‘ಗ್ಯಾರಂಟಿ’ ಅಂತೂ ಕರ್ನಾಟಕದಲ್ಲಿ 2023ರಿಂದೀಚೆಗೆ ಗೃಹಲಕ್ಷ್ಮಿ, ಶಕ್ತಿ ಯೋಜನೆಗಳ ಹೆಸರೇ ಆಗಿಬಿಟ್ಟಿದೆ. ಎರಡರಲ್ಲಿ ಯಾವುದನ್ನು ಬಳಸಿದರೂ ಸರ್ಕಾರ ರೈತನಿಗೇ ದುಡ್ಡು ಕೊಟ್ಟಿತು ಎಂಬ ಅರ್ಥ ಬರುತ್ತದೆ. ಇಲ್ಲಿ ಮಾತು ಕೊಟ್ಟಿರುವುದು ಬ್ಯಾಂಕಿಗೆ. 100 ಹ್ರಿವ್ನಿಯಾ ವಸೂಲಾಗದಿದ್ದರೆ 80 ಸರ್ಕಾರದ ತಲೆಗೆ, 20 ಬ್ಯಾಂಕಿನ ತಲೆಗೆ. ಹಾಗಂತ ರೈತನ ಸಾಲ ತೀರಿತು ಅಂತಲ್ಲ.

ನನಗೆ ‘ಜಾಮೀನು’ ಸರಿ ಅನ್ನಿಸುತ್ತದೆ. ಸಾಲದ ಅರ್ಜಿಗೆ ಜಾಮೀನುದಾರರು ಸಹಿ ಹಾಕುವುದು ಎಲ್ಲರಿಗೂ ಗೊತ್ತು. ಯಾರು ಯಾರಿಗೆ ಹೊಣೆ ಎಂಬುದು ಆ ಪದದಲ್ಲೇ ಇದೆ. ‘ಬಿತ್ತನೆ ಸಾಲಕ್ಕೆ ಸರ್ಕಾರ ಜಾಮೀನು ನಿಂತಿತು’ ಅಂದರೆ ವಿವರಣೆಯೇ ಬೇಡ. ಆದರೆ ತಲೆಬರಹದಲ್ಲಿ ಬರೀ ‘ಜಾಮೀನು’ ಕಂಡರೆ ಓದುಗರಿಗೆ ಕೋರ್ಟು, ಜೈಲು ನೆನಪಾಗುತ್ತದೆ ಅಲ್ವಾ? ಅದಕ್ಕೇ ‘ಸಾಲ ಜಾಮೀನು’ ಅಂತ ಸೇರಿಸಿ ಬರೆಯೋಣವೇ?

ಇನ್ನೊಂದು ತೊಡಕಿದೆ. ಅಲ್ಲಿ ಸರ್ಕಾರ ಒಬ್ಬೊಬ್ಬ ರೈತನಿಗೂ ಬೇರೆ ಬೇರೆಯಾಗಿ ಸಹಿ ಹಾಕುವುದಿಲ್ಲ. ಒಂದು ಬ್ಯಾಂಕ್ ಕೊಡುವ ಇಂಥ ಸಾಲಗಳಿಗೆಲ್ಲ ಸೇರಿಸಿ ಒಂದೇ ಒಪ್ಪಂದ. ಇದಕ್ಕೆ ‘ಸಮೂಹ ಜಾಮೀನು’ ಅಂದರೆ ಸ್ವಸಹಾಯ ಸಂಘದ ಸದಸ್ಯರು ಒಬ್ಬರಿಗೊಬ್ಬರು ಹೊಣೆಯಾಗುವ ಹಾಗೆ ಕೇಳುತ್ತದೆ. ‘ಒಟ್ಟು ಜಾಮೀನು’ ಪರವಾಗಿಲ್ಲ, ಆದರೆ ಸ್ವಲ್ಪ ಸಪ್ಪೆ. ಇದಕ್ಕಿಂತ ಒಳ್ಳೆಯದು ನಿಮ್ಮ ಬಳಿ ಇದ್ದರೆ ದಯವಿಟ್ಟು ಹೇಳಿ.

‘ಬಡ್ಡಿ ಮನ್ನಾ’ ಅಂತ ಬರೆಯುವುದನ್ನಂತೂ ಬಿಡಬೇಕು. ಮನ್ನಾ ಅಂದರೆ ಬರಬೇಕಾದ್ದನ್ನು ಬಿಟ್ಟುಬಿಡುವುದು. ಬ್ಯಾಂಕ್ ಇಲ್ಲಿ ಏನನ್ನೂ ಬಿಡಲಿಲ್ಲ. 2022ರ ಜೂನ್‌ನಲ್ಲಿ ಉಕ್ರೇನಿನ ಕೇಂದ್ರ ಬ್ಯಾಂಕ್ ತನ್ನ ಮೂಲ ಬಡ್ಡಿ ದರವನ್ನು ಶೇ 10ರಿಂದ 25ಕ್ಕೆ ಏರಿಸಿತು. ಆಮೇಲೆ ಅಗ್ಗದ ಸಾಲ ಮುಂದುವರಿಸಲು ಬೊಕ್ಕಸಕ್ಕೆ ಬಿದ್ದ ಹೊರೆ ಸಣ್ಣದಲ್ಲ. ‘ಮನ್ನಾ’ ಅಂದರೆ ಆ ಹೊರೆಯೇ ಓದುಗರ ಕಣ್ಣಿಗೆ ಬೀಳುವುದಿಲ್ಲ. ‘ಬಡ್ಡಿ ಸಹಾಯಧನ’ ಸಾಕು, ಎಲ್ಲರಿಗೂ ತಿಳಿದ ಪದ.

ಕೊನೆಯದಾಗಿ, ಕೆಲವರು ಇದೇ ಸಂದರ್ಭದಲ್ಲಿ ‘ಆಹಾರ ಸುರಕ್ಷತೆ’ ಅನ್ನುತ್ತಾರೆ. ಅದು ಕಲಬೆರಕೆ, ಶುಚಿತ್ವದ ಮಾತು. ಈಜಿಪ್ಟ್, ಲೆಬನಾನ್ ಉಕ್ರೇನಿನ ಗೋಧಿ ನೆಚ್ಚಿಕೊಂಡಿದ್ದವು. ಉಕ್ರೇನಿನಲ್ಲಿ ಬಿತ್ತನೆ ತಪ್ಪಿದರೆ ಆ ದೇಶಗಳಲ್ಲಿ ರೊಟ್ಟಿ ತುಟ್ಟಿಯಾಗುವ ಭಯಕ್ಕೆ ‘ಆಹಾರ ಭದ್ರತೆ’ ಎಂಬ ಪದವೇ ಸರಿ.

ಬ್ಯಾಂಕಿನಲ್ಲಿ, ಸಹಕಾರ ಸಂಘಗಳಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ನಿಮ್ಮ ಕನ್ನಡ ನಮೂನೆಗಳಲ್ಲಿ ಸರ್ಕಾರವೇ ಹೊಣೆ ಹೊತ್ತ ಸಾಲಕ್ಕೆ ‘ಖಾತರಿ’ ಎಂದಿರುತ್ತದೋ ‘ಜಾಮೀನು’ ಎಂದೋ, ಆ ವಾಕ್ಯವನ್ನು ಇದ್ದ ಹಾಗೇ ಬರೆದು ಕಳಿಸಿದರೆ ತುಂಬಾ ಉಪಕಾರ.