ಸಹಾಯ ಬೇಕು: ನೇಗಿಲು ಎತ್ತಿಕೊಂಡು ರಸ್ತೆಗಿಳಿದರೆ ಟ್ರ್ಯಾಕ್ಟರ್‌ನ ಮುಂದಿನ ಗಾಲಿ ಹಗುರಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು 45 ಎಚ್‌ಪಿ ಟ್ರ್ಯಾಕ್ಟರ್, ರಾಣೆಬೆನ್ನೂರು ಕಡೆ. ಈ ವರ್ಷ ಹೈಡ್ರಾಲಿಕ್ ರಿವರ್ಸಿಬಲ್ ನೇಗಿಲು ತಂದಿದ್ದೇವೆ, ತೂಕ ಸುಮಾರು 400 ಕೆಜಿ. ಹೊಲದಲ್ಲಿ ಯಾವ ತಕರಾರೂ ಇಲ್ಲ, ಎರೆಮಣ್ಣಿನಲ್ಲೂ ಚೆನ್ನಾಗಿ ಹೊಡೆಯುತ್ತೆ. ಕಷ್ಟ ಇರೋದು ಬಾಡಿಗೆಗೆ ಪಕ್ಕದೂರಿಗೆ ಒಯ್ಯುವಾಗ. ಕೆರೆ ಏರಿ ಹತ್ತುವಾಗ ಸ್ಟೇರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ನೇರ ಹೋಗುತ್ತೆ. ಹಂಪ್ ದಾಟಿದರೆ ನೇಗಿಲು ಕುಲುಕಿ ಮುಂದಿನ ಗಾಲಿ ಒಂದು ಕ್ಷಣ ನೆಲ ಬಿಡುತ್ತೆ. ಓಡಿಸೋದು ನನ್ನ ತಮ್ಮ, ಏರಿಯ ಒಂದು ಬದಿ ಪೂರ್ತಿ ನೀರು. ನನಗೆ ನಿಜಕ್ಕೂ ಭಯ.

ಟಾಪ್ ಲಿಂಕ್ (ನೇಗಿಲನ್ನು ಟ್ರ್ಯಾಕ್ಟರ್‌ಗೆ ಹಿಡಿದಿಡೋ ಮೇಲಿನ ರಾಡು) ಗಿಡ್ಡ ಮಾಡಿ, ಚೆಕ್ ಚೈನ್ (ನೇಗಿಲು ಎತ್ತೋ ಕೆಳಗಿನ ಆರ್ಮ್‌ಗಳು ಪಕ್ಕಕ್ಕೆ ಸರಿಯದಂತೆ ತಡೆಯೋ ಸರಪಳಿ) ಬಿಗಿ ಮಾಡಿದ್ದೇವೆ, ಅಕ್ಕಪಕ್ಕ ಓಲಾಡೋದು ನಿಂತಿದೆ. ಆದರೆ ಮುಂದಿನ ಭಾರದ ಲೆಕ್ಕ ಸರಿಹೋಗಿಲ್ಲ. ನೇಗಿಲು ಎತ್ತಿದಾಗಲೂ ಟ್ರ್ಯಾಕ್ಟರ್ ತೂಕದ ಶೇ. 20ರಷ್ಟಾದರೂ ಮುಂದಿನ ಆಕ್ಸಲ್ ಮೇಲಿರಬೇಕು ಅಂತಾರೆ. ನಮ್ಮದು 1,900 ಕೆಜಿ, ಅಂದರೆ 380 ಕೆಜಿ. ವೇಬ್ರಿಡ್ಜ್ ಮೇಲೆ ಮುಂದಿನ ಗಾಲಿ ಮಾತ್ರ ಹತ್ತಿಸಿ ಯಾರಾದರೂ ತೂಗಿಸಿದ್ದೀರಾ? ಮುಂದೆ ಭಾರ ಬರಲು ಬಂಪರ್‌ಗೆ ಎಷ್ಟು ಕೆಜಿ ತೂಕದ ಪ್ಲೇಟ್ ಹಾಕಿಸಿದಿರಿ? ಮರಳಿನ ಚೀಲ ಕಟ್ಟು ಅನ್ನೋ ಸಲಹೆ ಬೇಡ, ಅದು ಜಾರಿ ಗಾಲಿಗೆ ಸಿಕ್ಕರೆ ಇನ್ನೊಂದು ಅಪಾಯ.

ಇನ್ನೊಂದು ವಿಷಯ: ದಾರಿಯಲ್ಲಿ ನೇಗಿಲು ಎತ್ತಿ ಹಿಡಿಯೋ ಲಿಫ್ಟ್ ನಿಧಾನಕ್ಕೆ ಇಳಿಯುತ್ತೆ. ಇಳಿಯೋ ವೇಗದ ನಾಬ್ ಪೂರ್ತಿ ಮುಚ್ಚಿದರೆ ಸಾಕಾ, ಇಲ್ಲಾ ಆರ್ಮ್‌ಗಳಿಗೆ ಚೈನ್ ಹಾಕಿ ತೂಗುಹಾಕಬೇಕಾ? ಇಂಥದ್ದೇ ನೇಗಿಲು ಇಟ್ಟುಕೊಂಡವರು ಮುಂದಿನ ಪ್ಲೇಟ್ ಕೂರಿಸಿದ ಫೋಟೋ ಹಾಕಿದರೆ ದೊಡ್ಡ ಉಪಕಾರ.